ಕೆರೆ ಬತ್ತಿತೋ, ನೀರುಗಂಟಿಗೆ ವಯಸ್ಸಾಯಿತೋ

ಯಡಿಯೂರಿನಲ್ಲಿ ದಾಸೋಹದ ಊಟ ಮುಗಿಸಿ ಹೊರಗಿನ ನೆರಳಿಗೆ ಬಂದು ಕೂತಾಗ ಭಾವ ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದು ನನ್ನ ಕೈಗಿಟ್ಟರು. ಬೆಂಗಳೂರಿನಲ್ಲಿರುವ ಮಗ ಒತ್ತಾಯ ಮಾಡಿ ಮಾಡಿಸಿದ ‘ಫುಲ್ ಬಾಡಿ ಚೆಕಪ್’ ವರದಿ. ಸಕ್ಕರೆ, ಕೊಲೆಸ್ಟರಾಲ್, ಕಿಡ್ನಿ ಎಲ್ಲ ಸರಿಯಾಗೇ ಇದ್ದವು. ಕೊನೆಯ ಹಾಳೆಯಲ್ಲಿ ಟೆಸ್ಟೊಸ್ಟೆರಾನ್, ಡಿಎಚ್‌ಇಎ, ಐಜಿಎಫ್-1 ಎಂಬ ಮೂರು ಹೆಸರು. ಮೂರರ ಎದುರಿಗೂ ಕೆಳಮುಖದ ಕೆಂಪು ಬಾಣ. ಜೊತೆಗೊಂದು ಮಿರುಗುವ ಕರಪತ್ರ. ಮೂರು ತಿಂಗಳ ಹಾರ್ಮೋನ್ ಪ್ಯಾಕೇಜು ತೆಗೆದುಕೊಂಡರೆ ಬಾಣಗಳು ಮೇಲಕ್ಕೆ ತಿರುಗುತ್ತವಂತೆ. ಅದರ ಮೇಲೆ ಎರಡು ಇಲಿಗಳ ಚಿತ್ರ. ಎಡಗಡೆಯದು ಕೂದಲುದುರಿ ಬೆನ್ನು ಬಾಗಿದ್ದು. ಬಲಗಡೆಯದು ಕಪ್ಪಗೆ, ನುಣ್ಣಗೆ, ದುಂಡಗೆ.

“ಅರವತ್ಮೂರಾಯ್ತಲ್ಲಪ್ಪ, ಕೆರೆ ಬತ್ತೋಗೈತೆ. ಟ್ಯಾಂಕರ್‌ನಾಗೆ ನೀರು ಹುಯ್ಯಿಸ್ಕೊಳ್ಳಿ ಅಂತಾವ್ರೆ” ಎಂದರು ಭಾವ. ತೆಂಗಿನ ತೋಟದ ಮನುಷ್ಯ. ಅವರ ತಾತ ಊರ ಕೆರೆಗೆ ನೀರುಗಂಟಿಯಾಗಿದ್ದವರು. ಮೈಯನ್ನೂ ಕೆರೆಯ ಲೆಕ್ಕದಲ್ಲೇ ನೋಡುವುದು ಅವರಿಗೆ ಸಹಜ.

ಅವರ ಮಾತು ಹಳೆಯದೇ. 1889ರಲ್ಲಿ ಪ್ಯಾರಿಸ್ಸಿನ ಬ್ರೌನ್ ಸೆಕಾರ್ ಎಂಬ ಹೆಸರಾಂತ ಶರೀರಶಾಸ್ತ್ರಜ್ಞ, ತನ್ನ 72ನೇ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣ ಅರೆದು ತೆಗೆದ ರಸವನ್ನು ಚುಚ್ಚಿಸಿಕೊಂಡು ಪ್ರಾಯ ಮರಳಿತು ಎಂದು ಸಾರಿದ್ದ. ಆ ರಸದಲ್ಲಿ ಹಾರ್ಮೋನು ಇದ್ದದ್ದೇ ಅನುಮಾನ. ಮರಳಿದ್ದು ಅವನ ಉತ್ಸಾಹ. ಆದರೆ ಮುಪ್ಪೆಂದರೆ ಹಾರ್ಮೋನು ಬತ್ತುವುದು, ಬತ್ತಿದ್ದನ್ನು ತುಂಬಿದರೆ ಮುಪ್ಪು ಹಿಂದೆ ಸರಿಯುತ್ತದೆ ಎಂಬ ನಂಬಿಕೆ ಅಂದಿನಿಂದ ಇಂದಿನವರೆಗೆ ಅಂಗಡಿ ಬದಲಿಸುತ್ತಾ ಬಂದಿದೆ. ಈಗ ಅದಕ್ಕೆ ಸಾಕ್ಷಿಯಾಗಿ ಇಲಿಯನ್ನು ಕರೆದು ನಿಲ್ಲಿಸುತ್ತಾರೆ. ಆ ಸಾಕ್ಷಿ ಹೇಳುವುದೇ ಬೇರೆ ಎಂಬುದು ನನ್ನ ತಕರಾರು.

ಪ್ರಯೋಗಾಲಯದ ಇಲಿ ಎಂದರೆ ಹೆಗ್ಗಣವಲ್ಲ, ಹುಲ್ಲಿನ ಬಣವೆಯಲ್ಲಿ ಸರಸರ ಓಡುವ ಚಿಟ್ಟಿಲಿಯ ಜಾತಿ. ತೂಕ 25–30 ಗ್ರಾಂ. ಮೈಯಲ್ಲಿರುವ ರಕ್ತವೆಲ್ಲ ಸೇರಿ ಎರಡು ಮಿಲಿಲೀಟರಿನ ಒಳಗೆ, ಅಂದರೆ ಅರ್ಧ ಚಮಚಕ್ಕೂ ಕಡಿಮೆ. ಆಯುಸ್ಸು ಎರಡು–ಮೂರು ವರ್ಷ. ಲೋಕದ ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಕಪ್ಪಿಲಿ ಸಿ57ಬಿಎಲ್/6 ತಳಿಯದು. ಅಮೆರಿಕದಲ್ಲಿ ಶೋಕಿಗಾಗಿ ಇಲಿ ಸಾಕಿ ಮಾರುತ್ತಿದ್ದ ಅಬಿ ಲೇಥ್ರಪ್ ಎಂಬ ಹೆಣ್ಣುಮಗಳ ಬಳಿಯಿದ್ದ 57ನೇ ನಂಬರಿನ ಹೆಣ್ಣಿಲಿಯ ಸಂತತಿ ಅದು. 1921ರಿಂದ ಒಡಹುಟ್ಟಿದವನ್ನೇ ಕೂಡಿಸಿ ಕೂಡಿಸಿ ಬೆಳೆಸಿದ್ದು. ಇಂಥ ಪ್ರಾಣಿಯ ಹಾರ್ಮೋನನ್ನು ವಯಸ್ಸಿನ ಮೇಲೆ ಅಳೆಯುವುದು ಹೇಳಿದಷ್ಟು ಸಲೀಸಲ್ಲ. ಹಾರ್ಮೋನು ರಕ್ತಕ್ಕೆ ಬರುವುದು ನಲ್ಲಿ ನೀರಿನಂತೆ ಒಂದೇ ಸಮನಲ್ಲ, ಅಲೆಅಲೆಯಾಗಿ. ಮನುಷ್ಯನಿಂದಾದರೆ ಗಂಟೆಗೊಮ್ಮೆ ರಕ್ತ ತೆಗೆದು ಅಲೆಯ ಏರಿಳಿತ ನೋಡಬಹುದು. ಅರ್ಧ ಚಮಚ ರಕ್ತದ ಜೀವದಿಂದ ಎಷ್ಟು ಸಲ ತೆಗೆಯುತ್ತೀರಿ?

ಅದಕ್ಕೇ ವಿಜ್ಞಾನಿಗಳು ಬಹಳ ಕಾಲ ರಕ್ತದ ತಂಟೆಗೆ ಹೋಗದೆ ಒಂದು ಅಡ್ಡದಾರಿ ಹಿಡಿದರು. ಹೆಣ್ಣಿಲಿ ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆಳಿಗ್ಗೆ ಅದನ್ನು ಹಿಡಿದು, ಬಾಲ ಎತ್ತಿ, ಒಂದು ಹನಿ ಉಪ್ಪುನೀರಿನಿಂದ ಯೋನಿದ್ವಾರ ತೊಳೆದು ಆ ಹನಿಯನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ದುಂಡು ಕೋಶಗಳಿದ್ದರೆ ಬೆದೆ ಹತ್ತಿರ. ಒಣಗಿದ ಎಲೆಯಂತೆ ಚಪ್ಪಟೆ ಕೋಶಗಳಿದ್ದರೆ ಬೆದೆ. ಬಿಳಿರಕ್ತಕಣಗಳು ಮುತ್ತಿದ್ದರೆ ಬೆದೆ ಕಳೆದು ವಿರಾಮ. ಇಲಿಯಲ್ಲಿ ಇದನ್ನು 1922ರಲ್ಲಿ ವಿವರವಾಗಿ ಬರೆದವನು ಎಡ್ಗರ್ ಆಲೆನ್. ಮರುವರ್ಷವೇ ಅವನೂ ಡಾಯ್ಸಿ ಎಂಬ ಸಂಗಡಿಗನೂ ಹಂದಿಯ ಅಂಡಾಶಯದಿಂದ ತೆಗೆದ ದ್ರವವನ್ನು ಅಂಡಾಶಯ ತೆಗೆದ ಇಲಿಗಳಿಗೆ ಚುಚ್ಚಿ, ಆ ಗಾಜಿನ ತುಂಡಿನ ಮೇಲೆ ಚಪ್ಪಟೆ ಕೋಶಗಳು ಮೂಡಿದ್ದನ್ನು ಕಂಡರು. ಈಸ್ಟ್ರೊಜನ್ ಎಂಬ ಹಾರ್ಮೋನಿನ ಬೆನ್ನು ಹತ್ತಲು ಸಿಕ್ಕ ಮೊದಲ ತಕ್ಕಡಿ ಇಲಿಯ ಮೈಯೇ.

ಇದೇ ಹನಿ ಪರೀಕ್ಷೆಯನ್ನು ನೆಲ್ಸನ್, ಫಿಂಚ್ ಮತ್ತು ಸಂಗಡಿಗರು ಕಪ್ಪಿಲಿಗಳ ಮೇಲೆ ದಿನ ಬಿಡದೆ, ತಿಂಗಳುಗಟ್ಟಲೆ ಮಾಡಿ 1982ರಲ್ಲಿ ಪ್ರಕಟಿಸಿದರು. ನನಗೆ ಆ ತಾಳ್ಮೆಯೇ ದೊಡ್ಡದಾಗಿ ಕಾಣುತ್ತದೆ. ಹರೆಯದ ಇಲಿಯ ಸುತ್ತು ನಾಲ್ಕೈದು ದಿನದ್ದು. ನಡುವಯಸ್ಸಿಗೆ ಬರುವಾಗ ಐದು ಆರಾಗಿ, ಆರು ಏಳಾಗಿ ಎಳೆಯುತ್ತದೆ. 11ರಿಂದ 16 ತಿಂಗಳ ನಡುವೆ ಸುತ್ತು ನಿಂತೇ ಹೋಗುತ್ತದೆ. ಇಲ್ಲಿಯವರೆಗೆ ಹೆಂಗಸರ ಕತೆಯಂತೆಯೇ ಕೇಳಿಸುತ್ತದೆ. ಆದರೆ ಸುತ್ತು ನಿಂತ ಬಹಳಷ್ಟು ಇಲಿಗಳಲ್ಲಿ ಗಾಜಿನ ಮೇಲೆ ಕಾಣಿಸಿದ್ದು ಬತ್ತಿದ ಅಂಗಳವಲ್ಲ, ವಾರಗಟ್ಟಲೆ ಮುಗಿಯದ ಬೆದೆ. ಚಪ್ಪಟೆ ಕೋಶಗಳು ದಿನವೂ ಬರುತ್ತಲೇ ಇರುತ್ತವೆ, ಅಂದರೆ ಈಸ್ಟ್ರೊಜನ್ ಹರಿಯುತ್ತಲೇ ಇದೆ. ಮೊಟ್ಟೆ ಮಾತ್ರ ಬಿಡುಗಡೆಯಾಗುವುದಿಲ್ಲ. ನಿಜವಾಗಿ ಒಣಗುವ ಹಂತ ಅದಾದ ಮೇಲೆ, ಇನ್ನೂ ಮುದಿಯಾದಾಗ.

ಹೆಂಗಸರಲ್ಲಿ ಹಾಗಲ್ಲ. ಅಂಡಾಶಯದ ದಾಸ್ತಾನೇ ಮುಗಿಯುತ್ತದೆ. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷವಿದ್ದ ಅಂಡಕೋಶಗಳು ಮುಟ್ಟು ನಿಲ್ಲುವ ಹೊತ್ತಿಗೆ ಸಾವಿರದ ಲೆಕ್ಕಕ್ಕೆ ಇಳಿದಿರುತ್ತವೆ. ನಮ್ಮ ದೇಶದ ಹೆಂಗಸರಿಗೆ ಅದು ಸರಾಸರಿ 46–47ಕ್ಕೇ ಬರುತ್ತದೆ. ಈಸ್ಟ್ರೊಜನ್ ಇಳಿದೊಡನೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ‘ಯಾಕೆ ಬಂದಿಲ್ಲ’ ಎಂದು ಕೂಗು ಹಾಕುವಂತೆ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಹಲವು ಪಟ್ಟು ಏರಿಸುತ್ತದೆ. ಅಂದರೆ ಒಂದು ಬಾಣ ಇಳಿದದ್ದಕ್ಕೇ ಇನ್ನೊಂದು ಏರಿದೆ. ಯಡಿಯೂರಿಗೆ ಬಂದವರು ಹತ್ತಿರದ ಮಾರ್ಕೋನಹಳ್ಳಿ ಜಲಾಶಯವನ್ನೂ ನೋಡಿಕೊಂಡು ಹೋಗುತ್ತಾರಲ್ಲ, ಅಲ್ಲಿನ ಸೈಫನ್ ನೆನೆಸಿಕೊಳ್ಳಿ. ಶಿಂಷೆಯ ನೀರು ಒಂದು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತದೆ ತಾನಾಗಿ ಭೋರೆಂದು ಹೊರಬೀಳುತ್ತದೆ. ಮಟ್ಟ ಇಳಿದರೆ ತಾನಾಗಿ ನಿಲ್ಲುತ್ತದೆ. ಹಾರ್ಮೋನುಗಳ ವ್ಯವಹಾರ ಹೆಚ್ಚೂಕಡಿಮೆ ಇಂಥದ್ದು: ಮಟ್ಟವೇ ಮಟ್ಟವನ್ನು ಕಾಯುತ್ತದೆ. ಸೈಫನ್ನಿನ ಪಕ್ಕ ನಿಂತು ‘ಇವತ್ತು ನೀರು ಇಷ್ಟೇ ಅಡಿ’ ಎಂದು ಒಂದು ಅಂಕಿ ಬರೆದುಕೊಂಡು ಬಂದರೆ ಆ ಜಲಾಶಯದ ಬಗ್ಗೆ ಏನು ತಿಳಿದಂತಾಯಿತು?

ಇಲಿಯಲ್ಲಿ ಮೊದಲು ದಣಿಯುವುದು ಯಾವುದು? ಇಲಿಯ ದಾಯಾದಿಯಾದ ರ್‍ಯಾಟಿನಲ್ಲಿ 1972ರ ಹೊತ್ತಿಗೇ ಅಂಡಾಶಯ ಕಸಿಮಾಡಿ ನೋಡಿದ್ದರು. ಮುದಿ ಅಂಡಾಶಯವನ್ನು ಎಳೆಯ ಮೈಗೆ ಹಾಕಿದರೆ ಅದು ಮತ್ತೆ ದುಡಿಯಿತು. ಎಳೆಯ ಅಂಡಾಶಯ ಮುದಿ ಮೈಯಲ್ಲಿ ಸೋತಿತು. ಚಿಟ್ಟಿಲಿಯಲ್ಲಿ ಅಂಡಾಶಯದ ದಾಸ್ತಾನೂ ಕರಗುತ್ತದೆ, ಲೆಕ್ಕ ಅಷ್ಟು ಸರಳವಲ್ಲ. ಆದರೂ ಮಿದುಳಿನ ಹೈಪೋಥಲಾಮಸ್ ಎಂಬ ಯಜಮಾನನ ಪಾಲು ಅಲ್ಲೂ ದೊಡ್ಡದು. ಭಾವನಿಗೆ ಹೇಳುವುದಾದರೆ, ಹೆಂಗಸರಲ್ಲಿ ಕೆರೆ ಬತ್ತುತ್ತದೆ. ಇಲಿಯಲ್ಲಿ ಕೆರೆಯಲ್ಲಿ ನೀರಿರುವಾಗಲೇ ನೀರುಗಂಟಿಗೆ ವಯಸ್ಸಾಗುತ್ತದೆ. ಯಾವ ಗದ್ದೆಗೆ ಯಾವಾಗ ತೂಬು ಎತ್ತಬೇಕೆಂಬುದು ಅವನಿಗೆ ಮರೆತು ಹೋಗುತ್ತದೆ.

ಈ ಸಾಲಿನಲ್ಲಿ ನನ್ನನ್ನು ಬಹಳ ಕಾಡಿದ ಪ್ರಯೋಗ ಇನ್ನೊಂದಿದೆ. ಕೆಲವು ಇಲಿಗಳ ಅಂಡಾಶಯವನ್ನು ಎಳೆಯದರಲ್ಲೇ ತೆಗೆದುಬಿಟ್ಟು, ಅವು ಮುದಿಯಾದ ಮೇಲೆ ಎಳೆಯ ಅಂಡಾಶಯವನ್ನು ಕಸಿಮಾಡಿದರು. ಜೀವಮಾನವಿಡೀ ಸ್ವಂತ ಅಂಡಾಶಯ ಇಟ್ಟುಕೊಂಡಿದ್ದ ಅದೇ ವಯಸ್ಸಿನ ಇಲಿಗಳಿಗಿಂತ ಇವು ಚೆನ್ನಾಗಿ ಬೆದೆಯ ಸುತ್ತು ಹಿಡಿದವು. ಅಂದರೆ ನೀರುಗಂಟಿಯನ್ನು ದಣಿಸಿದ್ದು ಬರೀ ವರ್ಷಗಳಲ್ಲ. ತಿಂಗಳುಗಟ್ಟಲೆ ಹರಿದ ಹಾರ್ಮೋನಿನ ಪಾಲೂ ಅದರಲ್ಲಿದೆ. ಕಡಿಮೆಯಾಗಿದ್ದಕ್ಕೆ ಮುಪ್ಪು ಬಂತೆಂದು ಹೇಳುವವರು ಈ ಇಲಿಗಳ ಎದುರು ಕೂತು ಉತ್ತರ ಹೇಳಬೇಕು.

ಇನ್ನು ಗಂಡಿನ ವಿಷಯ. 1975ರಲ್ಲಿ ಇದೇ ನೆಲ್ಸನ್ ಮತ್ತು ಫಿಂಚ್, ಲೇಥಮ್ ಎಂಬವರೊಡನೆ ಸೇರಿ, ಕಪ್ಪು ಗಂಡಿಲಿಗಳ ಟೆಸ್ಟೊಸ್ಟೆರಾನ್ ಅಳೆದರು. ಮುದಿ ಇಲಿಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದರೆ ಮಟ್ಟ ಇಳಿದಂತೆ ಕಾಣುತ್ತಿತ್ತು. ಆದರೆ ಮೈ ಕೊಯ್ದು ನೋಡಿ, ರೋಗವಿದ್ದವನ್ನು ಬೇರೆ ಸಾಲಿಗೆ ಹಾಕಿದಾಗ, ಆರೋಗ್ಯವಾಗಿ ಮುದಿಯಾದ ಇಲಿಗಳಲ್ಲಿ ಇಳಿತವೇ ಇರಲಿಲ್ಲ. ಇಳಿಸಿದ್ದು ರೋಗ, ವಯಸ್ಸಿನ ಮೇಲೆ ಅಪವಾದ. ಗಂಡಸರಲ್ಲಿ ವರ್ಷಕ್ಕೆ ಶೇ. 1ರ ಆಸುಪಾಸು ಇಳಿಯುತ್ತದೆಂದು ಹೇಳುವುದುಂಟು. ಅದರಲ್ಲೂ ಬೊಜ್ಜು, ಸಕ್ಕರೆ ಕಾಯಿಲೆ, ನುಂಗುವ ಮಾತ್ರೆಗಳ ಪಾಲು ತೆಗೆದರೆ ಉಳಿಯುವುದು ಸಣ್ಣ ಅಂಕಿ. ಮೇಲಾಗಿ ಟೆಸ್ಟೊಸ್ಟೆರಾನ್ ಬೆಳಗಿನ ಜಾವ ಏರಿ ಸಂಜೆಗೆ ಇಳಿಯುವ ಪದಾರ್ಥ. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ನೋಡದೆ ಕಡಿಮೆ ಎನ್ನಬಾರದೆಂಬುದು ವೈದ್ಯರ ನಿಯಮ. ಭಾವನ ವರದಿಯಲ್ಲಿ ರಕ್ತ ತೆಗೆದ ವೇಳೆ ಸಂಜೆ 4.10 ಎಂದಿತ್ತು. “ಬಸ್ಸು ಲೇಟಾಯ್ತು, ಮಗ ಊಟ ಮಾಡಿಸ್ಕಂಡೇ ಕರ್ಕೊಂಡೋದ” ಎಂದರು.

ಇಲಿಗೂ ಇಂಥ ಸಂಕಟಗಳಿವೆ. ಒಂದೇ ಪಂಜರದ ನಾಲ್ಕು ಗಂಡುಗಳಲ್ಲಿ ದಾದಾಗಿರಿ ಮಾಡುವುದರ ಟೆಸ್ಟೊಸ್ಟೆರಾನೇ ಬೇರೆ, ಮೂಲೆ ಹಿಡಿದದ್ದರದೇ ಬೇರೆ. ಪ್ರಯೋಗ ಮಾಡುವವನು ಗಂಡಸಾದರೆ ಅವನ ಮೈವಾಸನೆಗೇ ಇಲಿಯ ಒತ್ತಡದ ಹಾರ್ಮೋನು ಏರುತ್ತದೆಂದು 2014ರಲ್ಲಿ ಕೆನಡಾದವರು ತೋರಿಸಿದರು. ಅವನು ಹಾಕಿ ಬಿಟ್ಟ ಟೀ ಶರ್ಟ್ ಇಟ್ಟರೂ ಸಾಕಿತ್ತು. ಪ್ರಯೋಗಾಲಯವನ್ನು ನಮ್ಮ ಹಿತಕ್ಕೆ 22 ಡಿಗ್ರಿ ತಂಪಿನಲ್ಲಿ ಇಡುತ್ತಾರೆ. ಇಲಿಗೆ ಹಾಯೆನಿಸುವುದು 30 ಡಿಗ್ರಿ, ಅಂದರೆ ಚೈತ್ರದ ಜಾತ್ರೆಯ ಹೊತ್ತಿನ ಯಡಿಯೂರಿನ ನೆರಳು. ಹುಟ್ಟಿದಾಗಿನಿಂದ ಚಳಿಯಲ್ಲಿ, ಓಡಾಟವಿಲ್ಲದೆ, ಹೊತ್ತುಗೊತ್ತಿಲ್ಲದ ಊಟದ ಎದುರು ಕೂತ ಜೀವ ಅದು. ವಯಸ್ಸಾಗುತ್ತಾ ಅದರ ಇನ್ಸುಲಿನ್, ಲೆಪ್ಟಿನ್ ಏರಿದರೆ ಅದನ್ನು ಮುಪ್ಪು ಎನ್ನೋಣವೋ, ಪಂಜರ ಎನ್ನೋಣವೋ?

ಎರಡನೇ ಬಾಣದ ಡಿಎಚ್‌ಇಎ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮನುಷ್ಯರಲ್ಲಿ ಇದು ಇಪ್ಪತ್ತರ ಹರೆಯದಲ್ಲಿ ತುಂಬಿ ಹರಿದು, ಎಂಬತ್ತರ ಹೊತ್ತಿಗೆ ಐದರಲ್ಲೊಂದು ಭಾಗಕ್ಕೋ ಇನ್ನೂ ಕೆಳಕ್ಕೋ ಇಳಿಯುವುದು ನಿಜ. ಆದರೆ ಇಲಿಯ ಅಡ್ರಿನಲ್ ಗ್ರಂಥಿ ಅದನ್ನು ತಯಾರಿಸುವುದೇ ಇಲ್ಲ ಎನ್ನಬಹುದು. ಬೇಕಾದ ಕಿಣ್ವ ಬೆಳೆದ ಇಲಿಯ ಆ ಗ್ರಂಥಿಯಲ್ಲಿಲ್ಲ. ಇಲ್ಲದ ಪದಾರ್ಥ ಇಳಿಯುವುದು ಹೇಗೆ? ಡಿಎಚ್‌ಇಎ ಗುಳಿಗೆಯ ಕರಪತ್ರದ ಮೇಲೆ ಇಲಿಯ ಚಿತ್ರ ಹಾಕುವುದೆಂದರೆ ಹೋರಿಯ ಚಿತ್ರ ತೋರಿಸಿ ಹಾಲಿನ ಲೆಕ್ಕ ಹೇಳಿದಂತೆ.

ಮೂರನೇ ಬಾಣ ಐಜಿಎಫ್-1, ಬೆಳವಣಿಗೆಯ ಹಾರ್ಮೋನಿನ ಕೈಕೆಳಗಿನದು. ಪ್ಯಾಕೇಜಿನಲ್ಲಿ ದುಬಾರಿಯದೂ ಆ ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದೇ. ಈ ವ್ಯಾಪಾರದ ಬೇರು 1990ರಲ್ಲಿದೆ. ಡೇನಿಯಲ್ ರುಡ್ಮನ್ ಎಂಬ ವೈದ್ಯ ಅರವತ್ತು ದಾಟಿದ 12 ಮಂದಿ ಗಂಡಸರಿಗೆ ಆರು ತಿಂಗಳು ಬೆಳವಣಿಗೆಯ ಹಾರ್ಮೋನು ಕೊಟ್ಟ. ಸ್ನಾಯು ಹೆಚ್ಚಿತು, ಕೊಬ್ಬು ಕರಗಿತು, ಚರ್ಮ ಒಂದಿಷ್ಟು ದಪ್ಪವಾಯಿತು. ಹನ್ನೆರಡೇ ಜನ, ಆರೇ ತಿಂಗಳು. ಆಯುಸ್ಸಿನ ಮಾತನ್ನು ಅವನು ಆಡಿಯೂ ಇರಲಿಲ್ಲ. ಆದರೂ ಪ್ರಾಯ ಮರಳಿಸುವ ಕ್ಲಿನಿಕ್ಕುಗಳು ಆ ಒಂದು ಪ್ರಬಂಧವನ್ನು ದೇವರ ಪಟದಂತೆ ಗೋಡೆಗೆ ತೂಗುಹಾಕಿಕೊಂಡವು.

ಇಲಿಗಳ ಸಾಕ್ಷಿ ಆರು ವರ್ಷ ತಡವಾಗಿ ಬಂತು. ಏಮ್ಸ್ ಕುಳ್ಳ ಎಂದು ಕರೆಯುವ ಒಂದು ಇಲಿ ತಳಿಯಿದೆ. ಹುಟ್ಟಿನಿಂದಲೇ ಅದರ ಪಿಟ್ಯುಟರಿಯಲ್ಲಿ ದೋಷ: ಬೆಳವಣಿಗೆಯ ಹಾರ್ಮೋನು ಇಲ್ಲ, ಪ್ರೊಲ್ಯಾಕ್ಟಿನ್ ಇಲ್ಲ, ಥೈರಾಯ್ಡನ್ನು ಎಬ್ಬಿಸುವುದೂ ಇಲ್ಲ. ಗಾತ್ರದಲ್ಲಿ ಒಡಹುಟ್ಟುಗಳ ಮೂರರಲ್ಲೊಂದು ಭಾಗ. ಇಂಥ ಬಡಪಾಯಿ ಬೇಗ ಸಾಯಬೇಕಲ್ಲ? ಹಾಲಿ ಬ್ರೌನ್ ಬೋರ್ಗ್ ಮತ್ತು ಆಂಡ್ರೆಜ್ ಬಾರ್ಟ್ಕೆ 1996ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅವು ಒಡಹುಟ್ಟುಗಳಿಗಿಂತ ಸುಮಾರು ಒಂದು ವರ್ಷ ಹೆಚ್ಚು ಬದುಕಿದವು. ಇಲಿಗೆ ಒಂದು ವರ್ಷ ಎಂದರೆ ನಮಗೆ ಮೂರು ದಶಕಕ್ಕೂ ಹೆಚ್ಚು. ಆಮೇಲೆ ಬೆಳವಣಿಗೆಯ ಹಾರ್ಮೋನನ್ನು ಹಿಡಿಯುವ ಗ್ರಾಹಕವನ್ನೇ ತೆಗೆದ ಇನ್ನೊಂದು ತಳಿ ಬಂತು. ಬಾರ್ಟ್ಕೆಯ ಪ್ರಯೋಗಾಲಯದಲ್ಲಿದ್ದ ಆ ತಳಿಯ ಒಂದು ಇಲಿ 1,819 ದಿನ ಬದುಕಿ, ಐದನೇ ಹುಟ್ಟುಹಬ್ಬಕ್ಕೆ ಒಂದು ವಾರವಿರುವಾಗ 2003ರಲ್ಲಿ ಸತ್ತಿತು. ದೀರ್ಘಾಯುಷಿ ಇಲಿಗಿಟ್ಟಿದ್ದ ಬಹುಮಾನವೂ ಅದಕ್ಕೇ ಬಂತು. ಅತ್ತ ಬೆಳವಣಿಗೆಯ ಹಾರ್ಮೋನು ಉಕ್ಕುವಂತೆ ಮಾಡಿದ ದೈತ್ಯ ಇಲಿಗಳು ಬೇಗ ಮುದಿಯಾಗಿ ಬೇಗ ಸತ್ತವು. ಮನುಷ್ಯರಲ್ಲಿ? ಈಕ್ವೆಡಾರಿನ ಬೆಟ್ಟದೂರುಗಳಲ್ಲಿ ಇದೇ ಗ್ರಾಹಕ ಕೆಟ್ಟ ಕುಳ್ಳ ಜನರಿದ್ದಾರೆ. 2011ರಲ್ಲಿ ಬಂದ ವರದಿಯಂತೆ ಅವರು ಹೆಚ್ಚು ಕಾಲವೇನೂ ಬದುಕಲಿಲ್ಲ. ಆದರೆ ಕ್ಯಾನ್ಸರ್ ಅವರಲ್ಲಿ ಅಪರೂಪ, ಸಕ್ಕರೆ ಕಾಯಿಲೆ ಕಾಣಲೇ ಇಲ್ಲ. ಇಷ್ಟಾದರೂ ಐಜಿಎಫ್-1 ಎದುರಿನ ಬಾಣವನ್ನು ಕೆಂಪಗೆ ಅಚ್ಚು ಹಾಕುತ್ತಾರೆ. ನನ್ನನ್ನು ಕೇಳಿದರೆ ಅದಕ್ಕೆ ಬಣ್ಣವೇ ಬೇಡ.

ಇಲ್ಲಿ ಜಾಣ ಓದುಗರು ನನ್ನ ಕುತ್ತಿಗೆ ಹಿಡಿಯಬಹುದು: ಬೇಡವಾದಾಗ ಇಲಿಯೇ ಬೇರೆ ಮನುಷ್ಯನೇ ಬೇರೆ ಎನ್ನುತ್ತೀರಿ, ಬೇಕಾದಾಗ ಕುಳ್ಳ ಇಲಿಯನ್ನು ಎತ್ತಿ ತೋರಿಸುತ್ತೀರಿ. ಆಕ್ಷೇಪ ನ್ಯಾಯವಾದದ್ದೇ. ನಾನು ಹೇಳುವುದಿಷ್ಟು: ಇಲಿ ಮನುಷ್ಯನ ಪರವಾಗಿ ರುಜು ಹಾಕಲಾರದು, ಆದರೆ ‘ಹಾರ್ಮೋನು ಕಡಿಮೆಯಾದರೆ ಮುಪ್ಪು’ ಎಂಬ ಸಾರ್ವತ್ರಿಕ ನಿಯಮವನ್ನು ಸುಳ್ಳು ಮಾಡಲು ಒಂದು ಇಲಿ ಸಾಕು. ಅಲ್ಲಗಳೆಯುವುದಕ್ಕೆ ಬೇಕಾದ ಸಾಕ್ಷಿಯೇ ಬೇರೆ, ಔಷಧಿ ಮಾರುವುದಕ್ಕೆ ಬೇಕಾದ ಸಾಕ್ಷಿಯೇ ಬೇರೆ.

ಈ ವ್ಯತ್ಯಾಸ ಚೆನ್ನಾಗಿ ಕಾಣುವ ಪ್ರಸಂಗವೊಂದು ನಮ್ಮ ಬೆಂಗಳೂರಿನದೇ. ದೇವಸ್ಥಾನಗಳ ಸುತ್ತ ಬಾಳೆಹಣ್ಣು ಕಿತ್ತುಕೊಳ್ಳುವ, ತಲೆಯ ಮೇಲೆ ಟೋಪಿ ಇಟ್ಟಂತೆ ಕೂದಲಿರುವ ನಮ್ಮ ಸೀಮೆಯ ಮಂಗಗಳಿವೆಯಲ್ಲ, ಅವನ್ನೇ ಇಟ್ಟುಕೊಂಡು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು ಎಫ್‌ಎಸ್‌ಎಚ್ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಕುರಿಯ ಎಫ್‌ಎಸ್‌ಎಚ್ ಚುಚ್ಚಿ ಮಂಗನ ಮೈಯೇ ಅದರ ವಿರುದ್ಧ ಪ್ರತಿಕಾಯ ಬೆಳೆಸುವಂತೆ ಮಾಡಿದರೆ ಗಂಡು ಮಂಗಗಳ ವೀರ್ಯಾಣು ಇಳಿಯಿತು, ಫಲವಂತಿಕೆ ಕುಂದಿತು. ಗಂಡಸರ ಗರ್ಭನಿರೋಧಕ್ಕೆ ದಾರಿಯಾದೀತೆಂದು 1997ರಲ್ಲಿ ಕೆಲವು ಸ್ವಯಂಸೇವಕರ ಮೇಲೂ ನೋಡಿದರು. ಅವರಲ್ಲೂ ವೀರ್ಯಾಣು ಇಳಿಯಿತು. ಅದೇ ವರ್ಷ ಅಮೆರಿಕದಿಂದ ಬಂದ ಸುದ್ದಿ ಬೇರೆ: ಎಫ್‌ಎಸ್‌ಎಚ್ ಜೀನನ್ನೇ ಅಳಿಸಿದ ಗಂಡಿಲಿಗಳು ವೃಷಣ ಸಣ್ಣದಾದರೂ ಮರಿ ಹಾಕಿಸಿದವು. ಮಂಗ ‘ಬೇಕು’ ಎಂದದ್ದನ್ನು ಇಲಿ ‘ಇಲ್ಲದಿದ್ದರೂ ನಡೆಯುತ್ತದೆ’ ಎಂದಿತು. ಯಾರು ಸುಳ್ಳು ಹೇಳಿದರು? ಇಬ್ಬರೂ ಇಲ್ಲ. ತಂತಮ್ಮ ಮೈಯ ಸಂಗತಿ ಹೇಳಿದರು, ಅಷ್ಟೇ. ಆಮೇಲೆ ಅದೇ ಎಫ್‌ಎಸ್‌ಎಚ್ ಮತ್ತೆ ಸುದ್ದಿಗೆ ಬಂತು. ಅದಕ್ಕೆ ಪ್ರತಿಕಾಯ ಕೊಟ್ಟ ಇಲಿಗಳಲ್ಲಿ ಮೂಳೆ ಗಟ್ಟಿಯಾಗಿ ಕೊಬ್ಬು ಕರಗಿತೆಂದು ಮೋನೆ ಝೈದಿ ತಂಡ 2017ರಲ್ಲಿ ಬರೆಯಿತು. ಮುಟ್ಟು ನಿಂತವರ ಕಷ್ಟಗಳಲ್ಲಿ ಇಳಿದ ಈಸ್ಟ್ರೊಜನ್ನಿನ ಪಾಲೆಷ್ಟು, ಏರಿದ ಎಫ್‌ಎಸ್‌ಎಚ್ ಪಾಲೆಷ್ಟು ಎಂಬುದು ಈಗಿನ ಪ್ರಶ್ನೆ. ಬರೀ ಕೆಳಬಾಣ ನೋಡುವವರಿಗೆ ಈ ಪ್ರಶ್ನೆ ಹೊಳೆಯುವುದೂ ಇಲ್ಲ.

ತುಂಬಿಸಿ ನೋಡಿದ ದೊಡ್ಡ ಪ್ರಯೋಗವೂ ನಡೆದಿದೆ, ಅದೂ ಹೆಂಗಸರ ಮೇಲೆಯೇ. ಅದರ ಮಾತ್ರೆ ಬಂದದ್ದು ಕುದುರೆಯಿಂದ. ಯಡಿಯೂರಿನಿಂದ ಬೆಂಗಳೂರಿನ ಕಡೆ ಹೊರಟರೆ ಸಿಗುವ ಕುಣಿಗಲ್ ಸ್ಟಡ್ ಫಾರಂ, ಹೈದರ್–ಟಿಪ್ಪು ಕಾಲದ ಕುದುರೆ ಲಾಯದ ನಂಟಿನದು. ಅಲ್ಲಿ ಗಬ್ಬದ ಕುದುರೆಗಳು ಮೇಯುವುದನ್ನು ಕಂಡವರಿಗೆ ಈ ಮಾತು ವಿಚಿತ್ರ ಎನಿಸಬಹುದು: ಗಬ್ಬದ ಕುದುರೆಯ ಮೂತ್ರದಲ್ಲಿ ಈಸ್ಟ್ರೊಜನ್ ಹೇರಳ. ಅದನ್ನು ಸೋಸಿ ಮಾಡಿದ ಪ್ರೆಮರಿನ್ ಮಾತ್ರೆ 1942ರಿಂದ ಅಮೆರಿಕದ ಹೆಂಗಸರ ಕೈಚೀಲದಲ್ಲಿತ್ತು. ಆ ಈಸ್ಟ್ರೊಜನ್ನಿಗೆ ಪ್ರೊಜೆಸ್ಟಿನ್ ಸೇರಿಸಿ 16,608 ಹೆಂಗಸರ ಮೇಲೆ ನಡೆಸುತ್ತಿದ್ದ ಅಧ್ಯಯನವನ್ನು 2002ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು: ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯದ ತೊಂದರೆ ಹೆಚ್ಚಿದವು, ಮೂಳೆ ಮುರಿತ ಕಡಿಮೆಯಾಯಿತು. ಆ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಲ್ಲುವ ಹೊತ್ತಿನಲ್ಲೇ, ಮೈ ಬಿಸಿಯೇರಿ ನಿದ್ದೆಗೆಟ್ಟವರಿಗೆ ವೈದ್ಯರು ಅಳತೆ ನೋಡಿ ಕೊಡುವ ಹಾರ್ಮೋನಿನ ಲೆಕ್ಕ ಬೇರೆ. ಅದು ಎಷ್ಟೋ ಜನರ ಬದುಕನ್ನು ಹಗುರ ಮಾಡಿದೆ, ಅವರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಕಷ್ಟಕ್ಕೆ ಔಷಧಿ ಕೊಡುವುದು ಒಂದು, ಅಂಕಿಗೆ ಔಷಧಿ ಕೊಡುವುದು ಇನ್ನೊಂದು.

ಭಾವನಿಗೆ ಇದನ್ನೆಲ್ಲ ಇಷ್ಟು ಉದ್ದ ಹೇಳಲಿಲ್ಲ. ಕಷ್ಟವೇನಾದರೂ ಇದೆಯೇ ಎಂದು ಕೇಳಿದೆ. ಮಂಡಿ ನೋವು, ಸೊಸೆಯ ಅಡುಗೆಗೆ ಉಪ್ಪು ಕಡಿಮೆ, ಕೊಬ್ಬರಿ ರೇಟು ಬಿದ್ದಿದೆ ಎಂದರು. ಬೆಳಿಗ್ಗೆ ಹೊತ್ತು ಖಾಲಿ ಹೊಟ್ಟೆಯಲ್ಲಿ ಇನ್ನೊಂದು ಸಲ ರಕ್ತ ತೋರಿಸಿ, ಅದನ್ನೂ ನಮ್ಮ ಡಾಕ್ಟರ ಕೈಗೆ ಕೊಡಿ ಎಂದೆ. ಅವರು ಕನ್ನಡಕ ಏರಿಸಿಕೊಂಡು ಕರಪತ್ರವನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದು ನೋಡಿದರು.

“ಈ ಎರಡು ಇಲಿಗೆ ಎಷ್ಟು ವಯಸ್ಸು?”

ಹಿಂದೆ ಮುಂದೆ ತಿರುಗಿಸಿ ನೋಡಿದೆವು. ವಯಸ್ಸು ಹಾಕಿರಲಿಲ್ಲ. ಗಂಡೋ ಹೆಣ್ಣೋ, ಅದನ್ನೂ ಹಾಕಿರಲಿಲ್ಲ. “ದನ ಕೊಳ್ಳಾಕೋದ್ರೂ ಹಲ್ಲು ನೋಡ್ತೀವಿ” ಎಂದು ಭಾವ ಕರಪತ್ರವನ್ನು ಮಡಿಸಿ, ಪ್ರಸಾದದ ತೆಂಗಿನ ಹೋಳು ಕಟ್ಟಿಕೊಳ್ಳಲು ಅದನ್ನೇ ಬಳಸಿದರು.